ರಸೀದಿಯಿಲ್ಲದ ಗಂಧ ಜಿನಬಿಂಬಕ್ಕೆ ಬೇಡ

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ಪುಣೆಗೆ ಬಂದು ನೆಲೆಸಿ ಇಪ್ಪತ್ತು ವರ್ಷಗಳಾದವು. ನಮ್ಮ ಸಮಾಜದ ಕೆಲವು ಬಸದಿ ಟ್ರಸ್ಟುಗಳ ಲೆಕ್ಕಪತ್ರಗಳನ್ನು ಸೇವೆಯೆಂದು ಭಾವಿಸಿ ಪರಿಶೀಲಿಸಿಕೊಡುತ್ತ ಬಂದಿದ್ದೇನೆ. ಅವುಗಳಲ್ಲೊಂದರ ಪೂಜಾವೆಚ್ಚದ ಕಡತದಲ್ಲಿ 'ಶುದ್ಧ ಶ್ರೀಗಂಧದ ಎಣ್ಣೆ' ಎಂಬ ಬಾಬತ್ತಿಗೆ ಪ್ರತಿವರ್ಷವೂ ಕೆಲವು ಬಿಳಿ ಚೀಟಿಗಳಿರುತ್ತಿದ್ದವು. ಅಂಗಡಿಯ ಹೆಸರಿಲ್ಲ, ತೆರಿಗೆ ಸಂಖ್ಯೆಯಿಲ್ಲ, ನಗದು ಪಾವತಿ, ಕೆಳಗೊಂದು ಸಹಿ. ಸುಣ್ಣಬಣ್ಣದ ಡಬ್ಬಕ್ಕೂ ಬಿಲ್ಲು ಕೇಳುವ ನಾನು ಆ ಚೀಟಿಗಳಿಗೆ ಆರು ವರ್ಷ ಸುಮ್ಮನೆ ಗುರುತು ಹಾಕಿದೆ. ದೇವರ ಕಾರ್ಯದಲ್ಲಿ ಕೆದಕುವುದೇನು ಎಂಬ ಸಂಕೋಚ. ಏಳನೆಯ ವರ್ಷ ಕೇಳಿದೆ. "ಸರ್, ಅದಕ್ಕೆಲ್ಲ ಬಿಲ್ಲು ಎಲ್ಲಿಂದ ಬರಬೇಕು? ಊರ ಕಡೆಯಿಂದ ತರಿಸುತ್ತೇವೆ" ಎಂಬ ಉತ್ತರ ದೊರೆಯಿತು.

ಆ ಟ್ರಸ್ಟಿನ ಹೆಸರು ಹೇಳುವುದು ನನ್ನ ವೃತ್ತಿಧರ್ಮಕ್ಕೆ ಸಲ್ಲದು; ಹೇಳುವ ಅಗತ್ಯವೂ ಇಲ್ಲ. ಓದುಗರು ತಮ್ಮ ತಮ್ಮ ಬಸದಿಯ ಕಡತವನ್ನು ತೆರೆದು ನೋಡಿದರೆ ಸಾಕು.

ಸರಳವಾದ ಲೆಕ್ಕವೊಂದನ್ನು ಮಾಡೋಣ. ಶುದ್ಧ ಶ್ರೀಗಂಧದ ಎಣ್ಣೆ ಇಂದು ಕಿಲೋಗೆ ಲಕ್ಷಾಂತರ ರೂಪಾಯಿ ಬಾಳುತ್ತದೆ. ವಾದಕ್ಕಾಗಿ ಬರೀ ಒಂದು ಲಕ್ಷವೆಂದು ಹಿಡಿದರೂ ಗ್ರಾಮಿಗೆ 100 ರೂಪಾಯಿ, 10 ಗ್ರಾಮಿನ ಸೀಸೆಗೆ 1000 ರೂಪಾಯಿ. ಅದೂ ತೆರಿಗೆ, ಸಾಗಣೆ, ವ್ಯಾಪಾರಿಯ ಲಾಭಗಳು ಸೇರುವ ಮುನ್ನ. ಕಡತದಲ್ಲಿದ್ದ ಸೀಸೆಯ ಬೆಲೆ 250 ರೂಪಾಯಿ. ಅಂದಮೇಲೆ ಅದು ಒಂದೋ ನಕಲಿ, ಇಲ್ಲವೇ ಕಾಡಿನಿಂದ ಕದ್ದದ್ದು. ಮೂರನೆಯ ಸಾಧ್ಯತೆ ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ದಶಲಕ್ಷಣ ಪರ್ವದ ಏಳನೆಯ ದಿನ ನಾವು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಪಾರಾಯಣ ಮಾಡುತ್ತೇವೆ. ಅಚೌರ್ಯವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಅಲ್ಲಿ ಎಣಿಸಿದ್ದಾರೆ. ಕಳವಿಗೆ ಪ್ರೇರಣೆ ನೀಡುವುದು ಸ್ತೇನಪ್ರಯೋಗ. ಕದ್ದು ತಂದದ್ದನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಅಳತೆ ತೂಕಗಳಲ್ಲಿ ಮೋಸ ಮಾಡುವುದು ಹೀನಾಧಿಕಮಾನೋನ್ಮಾನ. ನಕಲಿಯನ್ನು ಅಸಲಿಯೆಂದು ಸಾಗಿಸುವುದು ಪ್ರತಿರೂಪಕ ವ್ಯವಹಾರ. ಸೀಸೆಯೊಳಗಿನದು ಅಸಲಿಯಾದರೆ ಮೊದಲ ಮೂರು ದೋಷಗಳು ಕೊಂಡ ನಮಗೆ. ನಕಲಿಯಾದರೆ ಐದನೆಯದು ಮಾರಿದವನಿಗೆ, ತಿಳಿದೂ ಕೊಂಡರೆ ನಮಗೂ. ಅಹಿಂಸೆಯ ಮಾತು ಆಮೇಲಿರಲಿ. ನಾವು ಮೊದಲು ಮುಗ್ಗರಿಸಿರುವುದು ಅಚೌರ್ಯದ ಹೊಸ್ತಿಲಲ್ಲಿ.

ಇನ್ನು ಅಹಿಂಸೆ. ಶ್ರೀಗಂಧದ ಪರಿಮಳವಿರುವುದು ಎಲೆಯಲ್ಲಲ್ಲ, ಹೂವಿನಲ್ಲಲ್ಲ, ಮರದ ಚೇಗಿನಲ್ಲಿ. ನೆರೆಯ ಗಿಡಗಳ ಬೇರನ್ನು ಆಶ್ರಯಿಸಿ ನಿಧಾನವಾಗಿ ಬೆಳೆಯುವ ಈ ಮರದಲ್ಲಿ ಚೇಗು ಕಟ್ಟಲು ಆರಂಭವಾಗುವುದಕ್ಕೇ ಹತ್ತು ಹದಿನೈದು ವರ್ಷ ಬೇಕು. ಒಳ್ಳೆಯ ಎಣ್ಣೆಗೆ ಇಪ್ಪತ್ತೈದು ಮೂವತ್ತು ವರ್ಷ. ನೂರು ಕಿಲೋ ಚೇಗಿನಿಂದ ಇಳಿಯುವ ಎಣ್ಣೆ ಸುಮಾರು ನಾಲ್ಕರಿಂದ ಆರು ಕಿಲೋ. ಬೇರಿನಲ್ಲಿ ಎಣ್ಣೆಯ ಅಂಶ ಹೆಚ್ಚಾದ್ದರಿಂದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಕಿತ್ತು ತೆಗೆಯುತ್ತಾರೆ. ಚಿಗುರುವ ಅವಕಾಶವೂ ಉಳಿಯುವುದಿಲ್ಲ. ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಶ್ರೀಗಂಧ ಅಪಾಯಕ್ಕೊಳಗಾದ ಪ್ರಭೇದವೆಂದು ದಾಖಲಾಗಿದೆ.

ಧೂಪದ ಅಗರುವಿನ ಸ್ಥಿತಿ ಇನ್ನೂ ಕಠಿಣ. ಅಸ್ಸಾಮಿನ ಕಡೆಯ ಆ ಮರಕ್ಕೆ ಗಾಯವಾಗಿ ಬೂಷ್ಟು ತಗುಲಿದರೆ ಮಾತ್ರ ಸುಗಂಧದ ರಾಳ ಹುಟ್ಟುತ್ತದೆ. ಯಾವ ಮರದಲ್ಲಿ ರಾಳವಿದೆಯೆಂದು ಹೊರಗಿನಿಂದ ತಿಳಿಯುವುದು ಕಷ್ಟವಾದ್ದರಿಂದ ಕಾಡಿನಲ್ಲಿ ರಾಳವಿಲ್ಲದ ಮರಗಳೂ ಕೊಡಲಿಗೆ ಬೀಳುತ್ತವೆ. 1995ರಿಂದಲೇ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಇಂದು ಆ ಪ್ರಭೇದ ತೀವ್ರ ಅಳಿವಿನ ಅಂಚಿನಲ್ಲಿದೆ. ನಿಷ್ಪ್ರಯೋಜನವಾಗಿ ವನಸ್ಪತಿಯನ್ನು ಛೇದಿಸುವುದನ್ನು ನಮ್ಮ ಶ್ರಾವಕಾಚಾರಗಳು ಅನರ್ಥದಂಡವೆಂದು ಕರೆದಿವೆ. ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ?

ಸರ್ಕಾರಗಳ ಪಾಲನ್ನೂ ಹೇಳಲೇಬೇಕು. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಮೊದಲ ಮಹಾಯುದ್ಧದಿಂದ ರಫ್ತು ನಿಂತಾಗ, 1916ರಲ್ಲಿ, ಮೈಸೂರಿನ ಎಣ್ಣೆ ಕಾರ್ಖಾನೆ ಹುಟ್ಟಿತು. ಅರಸರು ಹೋದರೂ ಮರದ ಮೇಲಿನ ಅರಸೊತ್ತಿಗೆ ಹೋಗಲಿಲ್ಲ. ರೈತನ ಹೊಲದಲ್ಲಿ ಹಕ್ಕಿ ಹಾಕಿದ ಬೀಜದಿಂದ ಮೊಳೆತ ಸಸಿಯೂ ಸರ್ಕಾರದ್ದು. ಅದು ಕಳುವಾದರೆ ತೊಂದರೆ ರೈತನಿಗೆ. ಇಂಥ ಸಸಿಯನ್ನು ಯಾರು ಸಾಕಿಯಾರು? ಕರ್ನಾಟಕದಲ್ಲಿ 2001ರ ತಿದ್ದುಪಡಿಯಿಂದ ರೈತನು ತನ್ನ ಮರದ ಒಡೆಯನಾದ. ಮರುವರ್ಷ ತಮಿಳುನಾಡು ಅದೇ ದಾರಿ ಹಿಡಿಯಿತು. ಅಷ್ಟರಲ್ಲಿ ನಮ್ಮದೇ ಮರವನ್ನು ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾ ಸುತ್ತ ಸಾವಿರಾರು ಹೆಕ್ಟೇರುಗಳಲ್ಲಿ ಬೆಳೆಸತೊಡಗಿದ್ದರು. ಮತ ಕೇಳಲು ಬರುವವರು ಗಂಧದ ನಾಡೆಂದು ಹೊಗಳುವುದನ್ನು ಬಿಟ್ಟು, ಗಂಧ ಬೆಳೆದವನು ಕಡಿಯಲು, ಸಾಗಿಸಲು, ಮಾರಲು ಕಚೇರಿಯಿಂದ ಕಚೇರಿಗೆ ಅಲೆಯದಂತೆ ಮಾಡಲಿ. ಪ್ರಾಮಾಣಿಕ ಗಂಧಕ್ಕೆ ದಾರಿ ಸುಗಮವಾಗದ ಹೊರತು ಕಳ್ಳಗಂಧ ನಿಲ್ಲುವುದಿಲ್ಲ. ಆದರೆ ಸರ್ಕಾರ ಸರಿಹೋಗಲೆಂದು ಕಾಯುತ್ತ ನಾವು ಕಳ್ಳಮಾಲನ್ನು ಕೊಳ್ಳುವುದಕ್ಕೆ ಯಾವ ಆಗಮದ ಅನುಮತಿಯೂ ಇಲ್ಲ.

ಈ ಮಾತನ್ನು ಸಭೆಯೊಂದರಲ್ಲಿ ಎತ್ತಿದಾಗ ಹಿರಿಯರೊಬ್ಬರು ಸಮಂತಭದ್ರಾಚಾರ್ಯರನ್ನು ನೆನಪಿಸಿದರು. ಜಿನಪೂಜೆಯಲ್ಲಿ ಆಗುವ ಪಾಪಲೇಶ, ಅಪಾರ ಪುಣ್ಯದ ಮುಂದೆ ಸಮುದ್ರದಲ್ಲಿನ ವಿಷಕಣದಂತೆ ಎಂಬ ಅವರ ಅಭಿಪ್ರಾಯ ಸರ್ವವಿದಿತ. ನಾನು ಕೈಮುಗಿದು ಒಪ್ಪುತ್ತೇನೆ. ಆದರೆ ಆಚಾರ್ಯರು ಲೇಶವೆಂದರು. ತಪ್ಪಿಸಲಾಗದ ಅಲ್ಪದೋಷದ ಮಾತು ಅದು. ತಪ್ಪಿಸಬಹುದಾದದ್ದನ್ನು ತಿಳಿದೂ ತಿಳಿದೂ ಸೀಸೆಗಟ್ಟಲೆ ಕೊಂಡು, ಬಿಳಿ ಚೀಟಿಯಿಂದ ಮುಚ್ಚಿ, ಅದನ್ನು ಲೇಶವೆಂದು ಕರೆಯುವುದು ಆಚಾರ್ಯರಿಗೆ ಮಾಡುವ ಅಪಚಾರ.

"ಅತ್ತರಿಗೂ ಪಾನ್ ಮಸಾಲೆಗೂ ಹೋಗುವ ಗಂಧದ ಮುಂದೆ ನಮ್ಮ ಒಂದು ಚಮಚ ಯಾವ ಲೆಕ್ಕ?" ಎಂದು ಇನ್ನೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಪಾನ್ ಮಸಾಲೆಯವನು ಅಣುವ್ರತ ಹಿಡಿದಿಲ್ಲ, ನಾವು ಹಿಡಿದಿದ್ದೇವೆ.

ಹಾಗಾದರೆ ಗಂಧವಿಲ್ಲದ ಪೂಜೆಯೆ? ಅಷ್ಟದ್ರವ್ಯಗಳಲ್ಲಿ ಗಂಧವೂ ಒಂದಲ್ಲವೆ? ಹೌದು. ಆದರೆ ದ್ರವ್ಯದ ಬದಲಿ ನಮ್ಮ ಧರ್ಮಕ್ಕೆ ಹೊಸದಲ್ಲ. ಉತ್ತರದ ದಿಗಂಬರ ತೇರಾಪಂಥದವರು ಹೂವಿನಲ್ಲಿ ಹಿಂಸೆಯನ್ನು ಕಂಡು, ಹಳದಿ ಬಣ್ಣದ ಅಕ್ಕಿಯನ್ನು ಪುಷ್ಪವೆಂದು ಅರ್ಪಿಸಿ ಎಷ್ಟೋ ತಲೆಮಾರುಗಳಾದವು. ಅವರ ಪೂಜೆ ಊನವಾಯಿತೆಂದು ನಾವು ಯಾರೂ ಹೇಳಿಲ್ಲ. ನಾವೆಲ್ಲ ತೇರಾಪಂಥದವರಾಗಬೇಕೆಂದು ನನ್ನ ವಾದವಲ್ಲ. ದ್ರವ್ಯಕ್ಕಿಂತ ವ್ರತ ದೊಡ್ಡದೆಂದು ಆ ಸಂಪ್ರದಾಯ ನಿರ್ಧರಿಸಿದ ಧೈರ್ಯ ನಮಗೂ ಬರಲಿ ಎಂದಷ್ಟೇ.

ಬದಲಿಗಳು ಕೈಯಳತೆಯಲ್ಲೇ ಇವೆ. ಮೊದಲನೆಯದು, ಎಣ್ಣೆಯನ್ನು ಬಿಟ್ಟು ಕೊರಡಿಗೆ ಮರಳುವುದು. ಅಧಿಕೃತ ಮಳಿಗೆಯಿಂದ ಬಿಲ್ಲು ಪಡೆದು ತಂದ ಒಂದು ಗಂಧದ ಕೊರಡು, ಸಾಣೆಕಲ್ಲಿನ ಮೇಲೆ ದಿನಕ್ಕೆ ನಾಲ್ಕು ಸುತ್ತು ತೇಯ್ದರೆ ವರ್ಷಾನುಗಟ್ಟಲೆ ಬಾಳುತ್ತದೆ. ತಿಲಕಕ್ಕೆ ಅಷ್ಟು ಸಾಕು. ಎರಡನೆಯದು, ಪರಿಮಳ ಬೇಕೆಂದಾದರೆ ಮಜ್ಜಿಗೆಹುಲ್ಲಿನ ಎಣ್ಣೆ. ಮೇಲಿನ ಎಲೆಯನ್ನಷ್ಟೇ ಕೊಯ್ಯುವುದರಿಂದ ಬುಡ ಉಳಿದು ಮತ್ತೆ ಚಿಗುರುತ್ತದೆ. ದವನ ಕರ್ನಾಟಕದ್ದೇ ಬೆಳೆ, ಒಂದು ಹಂಗಾಮಿನದು. ಲಾವಂಚವನ್ನು ಹಲವರು ಸೂಚಿಸುತ್ತಾರೆ. ಬೇರು ಅಗೆಯದೆ ಅದು ದೊರೆಯದಾದ್ದರಿಂದ ನಾನದನ್ನು ಹಿಂದಿನ ಸಾಲಿನಲ್ಲಿ ಇಡುತ್ತೇನೆ. ಕಾರ್ಖಾನೆಯಲ್ಲಿ ತಯಾರಾದ ಗಂಧದ ಸುವಾಸನೆಯೂ ಇದೆ. ಕೃತಕವೆಂದು ಹೇಳಿ ಕೊಂಡರೆ, ಕೃತಕವೆಂದೇ ಬರೆದಿಟ್ಟರೆ ಅದರಲ್ಲಿ ಮೋಸವಿಲ್ಲ. ಧೂಪಕ್ಕೆ ಅಗರುವನ್ನು ಪೂರ್ತಿ ಕೈಬಿಡೋಣ.

ಇದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ: ಆಡಂಬರವನ್ನು ಬಿಡುವುದು. ಬೆಳಗೊಳದ ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ನಡೆಯುವುದನ್ನು ನಾವು ನಗರದ ಸಣ್ಣ ಬಸದಿಯ ಒಂದಡಿ ಬಿಂಬಕ್ಕೆ ತಿಂಗಳಿಗೊಮ್ಮೆ ಮಾಡಹೊರಟಿದ್ದೇವೆ. ಗಂಧಾಭಿಷೇಕಕ್ಕೆ ಸವಾಲು, ಸವಾಲು ಗೆದ್ದವರಿಗೆ ಶಾಲು, ಶಾಲಿಗೊಂದು ಛಾಯಾಚಿತ್ರ. ಚಾವುಂಡರಾಯನ ಕೊಡಗಳಿಂದ ನೆನೆಯದ ಮೂರ್ತಿ ಗುಳ್ಳಕಾಯಜ್ಜಿಯ ಗುಳ್ಳದ ಹಾಲಿನಿಂದ ಅಡಿಯವರೆಗೆ ನೆನೆಯಿತೆಂಬ ಕಥೆಯನ್ನು ಮಕ್ಕಳಿಗೆ ಹೇಳುವವರು ನಾವೇ. ಅಜ್ಜಿಯ ವಿಗ್ರಹ ಇಂದಿಗೂ ಬಾಹುಬಲಿಯ ಎದುರಿಗೆ ನಿಂತಿದೆ. ಆಕೆಯ ಕಡೆಗೆ ಬೆನ್ನು ಹಾಕಿ ನಾವು ಮತ್ತೆ ಕೊಡಗಳನ್ನೇ ಎಣಿಸುತ್ತಿದ್ದೇವೆ.

ಮುಂದಿನ ಚಾತುರ್ಮಾಸದೊಳಗೆ ಪ್ರತಿ ಬಸದಿಯೂ ಮೂರು ನಿರ್ಣಯಗಳನ್ನು ಕೈಗೊಳ್ಳಲಿ. ಬಿಲ್ಲಿಲ್ಲದ ಗಂಧ, ಅಗರು, ಎಣ್ಣೆಗಳನ್ನು ದಾನವಾಗಿ ಬಂದರೂ ಸ್ವೀಕರಿಸಬಾರದು. ಗಂಧದ ಅಭಿಷೇಕಕ್ಕೆ ಸವಾಲು ನಿಲ್ಲಬೇಕು. ಪೂಜಾದ್ರವ್ಯದ ಖರ್ಚನ್ನು ಬಿಲ್ಲುಗಳ ಸಹಿತ ಸರ್ವಸದಸ್ಯರ ಸಭೆಯ ಮುಂದಿಡಬೇಕು.

ನನ್ನ ಮಟ್ಟಿಗೆ, ಈ ವರ್ಷ ಆ ಚೀಟಿಗಳಿಗೆ ಗುರುತು ಹಾಕಲಿಲ್ಲ. ವರದಿಯಲ್ಲಿ ಆಕ್ಷೇಪ ಬರೆದೆ. ಇಬ್ಬರು ವಿಶ್ವಸ್ಥರು ಅಂದಿನಿಂದ ನನ್ನ ಜಯಜಿನೇಂದ್ರಕ್ಕೆ ಉತ್ತರಿಸುವುದನ್ನು ನಿಲ್ಲಿಸಿದ್ದಾರೆ. ಅವರ ಮೇಲೆ ನನಗೆ ಮುನಿಸಿಲ್ಲ. ಆರು ವರ್ಷ ಸುಮ್ಮನಿದ್ದವನು ನಾನೂ ಹೌದು. ವೀತರಾಗನು ನಮ್ಮಿಂದ ಗಂಧವನ್ನು ಬೇಡಿದವನಲ್ಲ. ಅವನ ಮುಂದೆ ನಿಂತು ಕೈಮುಗಿಯುವಾಗ ನಮ್ಮ ಕೈಯಲ್ಲಿ ಕದ್ದ ಮರದ ವಾಸನೆ ಇರಬಾರದು, ಅಷ್ಟೇ.