ಕೆಲಸ ಕಸರತ್ತಲ್ಲ

ರಜೆಗೆ ಊರಿಗೆ ಹೋದಾಗ ನಮ್ಮವ್ವಂದಿರು ನೆಲದಿಂದ ಏಳೋದನ್ನ ನೋಡಿದ್ದೀರಾ? ಒಂದು ಕೈ ಗೋಡೆಗೆ, ಒಂದು ಕೈ ನಡಕ್ಕೆ. 'ನಡ ಹಿಡದೈತೇನಬೇ?' ಅಂದರೆ, 'ಯಾವಾಗ ಬಿಟ್ಟಿತ್ತಪಾ' ಅಂತಾರೆ. ಪಾಮನಕಲ್ಲೂರಿನ ಸುತ್ತ ಯಾವ ಕೇರಿಗೆ ಹೋದರೂ ಇದೇ ಮಾತು.

ಈ ನಡ ಸುಮ್ಮನೆ ಹಿಡಿದದ್ದಲ್ಲ. 5ಎ ಕಾಲುವೆ ಕೊಡಿ ಅಂತ 2020ರಲ್ಲಿ ರೈತರು ಧರಣಿ ಕೂತ ಒಣಭೂಮಿ ಇದು. ನೀರಿಲ್ಲದ ಊರಿನ ಕೂಲಿ ನೀರಿರುವ ಸಿಂಧನೂರಿನ ಕಡೆ ಹೋಗುತ್ತದೆ. ಅಲ್ಲಿ ತುಂಗಭದ್ರಾ ಎಡದಂಡೆಯ ಗದ್ದೆಗಳಲ್ಲಿ ಹೆಣ್ಣುಮಕ್ಕಳು ದಿನವಿಡೀ ಬಾಗಿ ಸಸಿ ಹಚ್ಚುತ್ತಾರೆ. ಹಮಾಲರು 75 ಕಿಲೋದ ನೆಲ್ಲಿನ ಚೀಲ ಹೊರುತ್ತಾರೆ. ಒಬ್ಬ ಗಂಡಾಳಿನ ಮೇಲೆ 55 ಕಿಲೋಗಿಂತ ಹೆಚ್ಚು ಹೇರಬೇಡಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು. ಉಳಿದ 20 ಕಿಲೋ ಯಾರ ಲಾಭಕ್ಕೆ?

ದವಾಖಾನೆಗೆ ಹೋದರೆ ಏನು ಸಿಗುತ್ತದೆ? ಒಂದು ಸೂಜಿ, ನಾಲ್ಕು ಗುಳಿಗೆ, ಒಂದು ನಡಪಟ್ಟಿ. ಮೇಲೆ 'ರೆಸ್ಟ್ ತಗೋ' ಅನ್ನೋ ಉಪದೇಶ. ರೆಸ್ಟ್ ತಗೊಂಡ ದಿನದ ಕೂಲಿ ಯಾರು ಕೊಡ್ತಾರೆ? 1948ರ ಇಎಸ್‌ಐ ಕಾನೂನು ಕಾರ್ಖಾನೆಯವರಿಗೆ ಕಾಯಿಲೆ ದಿನದ ಭತ್ಯೆ ತಂದಿತು. ಹೊಲದ ಕೂಲಿಯವರನ್ನು ಹೊರಗೇ ನಿಲ್ಲಿಸಿತು.

ನಮ್ಮಲ್ಲೊಬ್ಬ ತನ್ನವ್ವನನ್ನ ಕರಕೊಂಡು ಹೋಗಿ, 'ಕಸರತ್ತು ಏನಾದರೂ ಹೇಳಿಕೊಡ್ರಿ' ಅಂದ. ಡಾಕ್ಟರು ನಕ್ಕರು. 'ಹೊಲದಾಗ ದುಡಿಯೋರಿಗೆ ಕಸರತ್ತು ಯಾಕೋ?'

ಆ ನಗುವಿಗೇ ನಮ್ಮ ಉತ್ತರ ಇದು. ಕೆಲಸ ಕಸರತ್ತಲ್ಲ! ಕೆಲಸದಲ್ಲಿ ಮೈ ಒಂದೇ ಕಡೆ ಬಾಗುತ್ತದೆ, ಇನ್ನೊಬ್ಬರ ಅಳತೆಗೆ. ನೋವಾದರೂ ನಿಲ್ಲುವಂತಿಲ್ಲ. ಕಸರತ್ತಿನಲ್ಲಿ ಮೈ ಎಲ್ಲ ಕಡೆ ಹೊರಳುತ್ತದೆ. ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ನಮ್ಮ ಕೈಯಲ್ಲಿ.

ಇದು ನಾವು ಕಟ್ಟಿದ ಕವಿತೆಯಲ್ಲ. ಮೂರು ತಿಂಗಳು ಮೀರಿದ ನಡನೋವಿನ ಬಗ್ಗೆ 249 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2021ರಲ್ಲಿ ಒಟ್ಟಿಗೆ ತೂಗಿ ನೋಡಿತು. ಏನೂ ಮಾಡದೆ ಇರುವುದಕ್ಕಿಂತ ವ್ಯಾಯಾಮ ಮಾಡಿದವರಿಗೆ ನೋವು ಕಡಿಮೆಯಾಗಿತ್ತು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವ್ಯಾಯಾಮ ಕಲಿಸಿ ಅಂದಿತು, ನಡಪಟ್ಟಿ ಬೇಡ ಅಂದಿತು. ಅಂದರೆ ನಮ್ಮವ್ವನಿಂದ ದುಡ್ಡು ಕಿತ್ತು ಕಟ್ಟಿದ್ದು ಬೇಡದ್ದು. ಕೇಳಿದಾಗ ನಕ್ಕು ಕೊಡದೇ ಹೋದದ್ದು ಬೇಕಾದದ್ದು.

ಅದಕ್ಕೆ ಯಂತ್ರ ಬೇಡ, ಜಿಮ್ ಬೇಡ. ಕೈಬೀಸಿ ನಡೆಯಿರಿ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತಿ ಇಳಿಸಿರಿ. ಅಂಬೆಗಾಲಿನಲ್ಲಿ ನಿಂತು ಬೆನ್ನನ್ನು ಬೆಕ್ಕಿನ ಹಾಗೆ ಉಬ್ಬಿಸಿ ತಗ್ಗಿಸಿರಿ. ಐದರಿಂದ ಶುರುಮಾಡಿ, ವಾರವಾರ ಹೆಚ್ಚಿಸಿರಿ. ಮೊದಲು ಸ್ವಲ್ಪ ನೋವಾದರೆ ಬೆನ್ನು ಮುರೀತು ಅಂತಲ್ಲ. ನೋವು ಪೂರಾ ಮಾಯವಾಗುತ್ತದೆ ಅಂತಲೂ ನಾವು ಹೇಳೋದಿಲ್ಲ. ಆದರೆ ಕಾಲು ಸೋತರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ ಹತೋಟಿ ತಪ್ಪಿದರೆ, ಜ್ವರ ಬಂದು ಮೈ ಇಳಿದರೆ ಕಸರತ್ತು ಬಿಟ್ಟು ತಕ್ಷಣ ದೊಡ್ಡಾಸ್ಪತ್ರೆಗೆ ಓಡಿರಿ.

ಇನ್ನೊಂದು ಎಚ್ಚರ. ನಾಳೆ ಇದೇ ಜನ 'ನೀನು ಕಸರತ್ತು ಮಾಡಲಿಲ್ಲ, ಅದಕ್ಕೇ ನೋವು' ಅಂತ ತಪ್ಪನ್ನು ನಮ್ಮ ತಲೆಗೇ ಕಟ್ಟಬಹುದು. ಒಪ್ಪಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೂಲಿಗಳಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಟ್ಟು ದಿನವಿಡೀ ಬಗ್ಗಿಸುತ್ತಿದ್ದರು. ಅವರು ವೈದ್ಯರ ಸಾಕ್ಷಿ ಹಿಡಿದು ಹೋರಾಡಿದರು. 1975ರಲ್ಲಿ ಆ ಗುದ್ದಲಿಗೇ ನಿಷೇಧ ಬಿತ್ತು. ಬೆನ್ನು ನೆಟ್ಟಗಾಗಬೇಕಾದರೆ ಹಿಡಿ ಉದ್ದವಾಗಬೇಕು, ಚೀಲ ಹಗುರಾಗಬೇಕು.

ನಾವು ಕೇಳುವುದಿಷ್ಟು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಬರಲಿ. ಚೀಲ 50 ಕಿಲೋ ದಾಟದಿರಲಿ. ನಾಟಿ ಕೂಲಿಗೆ ನಡುನಡುವೆ ಕೂಲಿ ಕಡಿತವಿಲ್ಲದ ಬಿಡುವು ಇರಲಿ.

ಹಾಸ್ಟೆಲಿನ ಗೆಳೆಯರೇ, ನಮ್ಮ ಪುಸ್ತಕದ ದುಡ್ಡು ಆ ಬಾಗಿದ ನಡದಿಂದ ಬಂದದ್ದು. ಈ ರಜೆಯಲ್ಲಿ ಪುಸ್ತಕದ ಜೊತೆ ಒಂದು ಚಾಪೆಯನ್ನೂ ಬಿಚ್ಚಿರಿ. ಅವ್ವನ ಪಕ್ಕ ಮಲಗಿ, ಮೊಣಕಾಲು ಮಡಚಿ, ಎಣಿಸಲು ಶುರುಮಾಡಿರಿ. ಒಂದು, ಎರಡು, ಮೂರು. ಆಮೇಲೆ ಇಬ್ಬರೂ ಎದ್ದು ಕೇಳೋಣ, ನೆಟ್ಟಗೆ ನಿಂತು.