ಕನ್ನಂಬಾಡಿಯ ಸೊನ್ನೆ

ಮುಂಗಾರು ಹಿಡಿಯಿತೆಂದರೆ ನಮ್ಮ ಮಂಡ್ಯ ಸೀಮೆಯ ಜನ ಬೆಳಗ್ಗೆ ವೃತ್ತಪತ್ರಿಕೆಯನ್ನು ತೆರೆದು ಮೊದಲು ಹುಡುಕುವುದು ಕನ್ನಂಬಾಡಿಯ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಶ್ರೀರಂಗಪಟ್ಟಣದ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತ ಕುಳಿತ ಹಿರಿಯರಿಗೂ ಈ 124.80 ಎಂಬುದು ಬಾಯಿಪಾಠ. "ನೂರಿಪ್ಪತ್ನಾಲ್ಕು ಪಾಯಿಂಟ್ ಎಂಬತ್ತು" ಎಂದೇ ಅವರು ಹೇಳುತ್ತಾರೆ. "ಪಾಯಿಂಟ್ ಎಂಟು" ಎಂದವರನ್ನು ನಾವು ಕಾಣೆವು. ಆ ಕೊನೆಯ ಸೊನ್ನೆಯ ವಿಷಯವಾಗಿ ವಿದ್ಯಾರ್ಥಿ ವಾಚಕರೊಡನೆ ಸ್ವಲ್ಪ ಜಗಳವಾಡಬೇಕೆಂದು ನಮಗೆ ಬಹಳ ದಿನಗಳಿಂದ ಮನಸ್ಸಿತ್ತು. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ಕಾರಣವೂ ಒದಗಿತು.

ನಮ್ಮಲ್ಲಿ ಭೌತಶಾಸ್ತ್ರ ಓದುವ ನಾಲ್ವರು ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಶಾಲೆಯ ಅಂಗಳದಲ್ಲಿ ಒಂದೊಂದು ಮಳೆಮಾಪಕವನ್ನು ಇಟ್ಟು, ಪ್ರತಿದಿನ ಬೆಳಗ್ಗೆ ಎಂಟೂವರೆ ಗಂಟೆಗೆ ಅದನ್ನು ಓದುವ ವ್ರತವನ್ನು ಕೈಗೊಂಡರು. ಒಬ್ಬನು ಶ್ರೀರಂಗಪಟ್ಟಣ ತಾಲ್ಲೂಕಿನವನು, ಒಬ್ಬಳು ಪಾಂಡವಪುರದವಳು, ಇನ್ನಿಬ್ಬರು ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳವರು. ಈ ನಾಲ್ಕು ತಾಲ್ಲೂಕುಗಳು ನೆರೆಹೊರೆಯವಾದರೂ ನೀರಿನ ವಿಷಯದಲ್ಲಿ ಅಣ್ಣತಮ್ಮಂದಿರಂತೆ ಇಲ್ಲ. ಶ್ರೀರಂಗಪಟ್ಟಣವನ್ನು ಕಾವೇರಿ ಎರಡು ಕಡೆಯಿಂದಲೂ ಬಳಸಿ ಹರಿಯುತ್ತಾಳೆ. ಪಾಂಡವಪುರಕ್ಕೆ ಕಾಲುವೆಯ ನೀರುಂಟು. ಕೃಷ್ಣರಾಜಪೇಟೆಯ ಸೀಮೆಯನ್ನು ಹಾದು ಬರುವ ಹೇಮಾವತಿ ಕನ್ನಂಬಾಡಿಯ ಹಿನ್ನೀರನ್ನು ಸೇರುತ್ತಾಳೆ. ನಾಗಮಂಗಲದ ರಾಗಿ ಹುರುಳಿಯ ಹೊಲಗಳ ಬಹುಪಾಲು ಮಾತ್ರ ಆಕಾಶವನ್ನೇ ನೋಡಬೇಕು. ಆದಕಾರಣ ಈ ಕೆಲಸ ಬರಿಯ ಅಭ್ಯಾಸವಾಗಿರದೆ ಸ್ವಾರಸ್ಯವುಳ್ಳದ್ದಾಗಿತ್ತು.

ವಿದ್ಯಾರ್ಥಿಗಳು ಅಳತೆಗಳನ್ನು ಎಕ್ಸೆಲ್ ಹಾಳೆಗಳಲ್ಲಿ ತುಂಬಿದರು. ನಾಲ್ಕು ಹಾಳೆಗಳನ್ನು ಒಂದು ಒಟ್ಟು ಹಾಳೆಗೆ ಸೂತ್ರದ ಮೂಲಕ ಜೋಡಿಸಿದರು. ಆ ಒಟ್ಟು ಹಾಳೆಯಿಂದ ವರ್ಡ್ ದಸ್ತಾವೇಜಿಗೆ ಸಂಪರ್ಕ ಕೊಟ್ಟು, ಅಂಗಳ ಕೊಟ್ಟ ನಾಲ್ಕು ಶಾಲೆಗಳಿಗೂ ವಾರಕ್ಕೊಂದು ವರದಿಯ ಪುಟ ತಾನಾಗಿಯೇ ಸಿದ್ಧವಾಗುವಂತೆ ಮೇಲ್ ಮರ್ಜ್ ಎಂಬ ಏರ್ಪಾಡನ್ನು ಮಾಡಿದರು. ಒಮ್ಮೆ ಬರೆದ ಅಂಕಿಯನ್ನು ಮತ್ತೆ ಕೈಯಿಂದ ಬರೆಯಬೇಕಾಗಿಲ್ಲ. ಬರೆದರೆ ತಪ್ಪುವ ಭಯವಿಲ್ಲ. ಈ ಯೋಜನೆಯನ್ನು ಕಂಡು ನಾವೂ ಮೆಚ್ಚಿಕೊಂಡೆವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮೊದಲ ವಾರದ ಪುಟ ನಾಗಮಂಗಲದ ಕಡೆಯ ಶಾಲೆಗೆ ಹೋಯಿತು. ಅಲ್ಲಿಯ ಮುಖ್ಯೋಪಾಧ್ಯಾಯರು ಅದನ್ನು ಓದಿ ಹುಡುಗನನ್ನು ಕರೆದು, "ಏನಪ್ಪಾ, ನಮ್ಮ ಶಾಲೆ ಅಂಗಳದಲ್ಲಿ ಹದಿನಾರನೇ ಸ್ಥಾನದವರೆಗೆ ಮಳೆ ಅಳೆಯೋ ಯಂತ್ರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲ!" ಎಂದರಂತೆ. ಪುಟದಲ್ಲಿ ಅಚ್ಚಾಗಿದ್ದುದು 2.3999999999999999 ಮಿಲಿಮೀಟರ್. ಹುಡುಗ ಹಾಳೆಯಲ್ಲಿ ಬರೆದಿದ್ದುದು 2.4. ಮರುದಿನದ 12.0 ಎಂಬುದು ಬರಿಯ 12 ಆಗಿತ್ತು. ಪುಟದ ಅಡಿಯಲ್ಲಿ ಕೊಟ್ಟಿದ್ದ ಕನ್ನಂಬಾಡಿಯ ಗರಿಷ್ಠ ಮಟ್ಟ 124.8 ಆಗಿತ್ತು.

ಈ ಒಂಬತ್ತುಗಳ ಸಾಲು ಎಲ್ಲಿಂದ ಬಂತೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗೆ ಕಷ್ಟದ ಪ್ರಶ್ನೆಯಲ್ಲ. ಮೂರನೆಯ ಒಂದು ಭಾಗವನ್ನು ದಶಮಾನದಲ್ಲಿ ಬರೆಯಹೊರಟರೆ 0.3333 ಎಂದು ಮುಗಿಯದ ಸಾಲಾಗುವಂತೆ, 2.4ನ್ನು ದ್ವಿಮಾನ ಪದ್ಧತಿಯಲ್ಲಿ ಬರೆಯಹೊರಟರೆ 10.011001100110 ಎಂದು ಕೊನೆಯಿಲ್ಲದೆ ಸಾಗುತ್ತದೆ. 1985ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾನಕದಂತೆ ಗಣಕವು ಇಂಥ ಸಂಖ್ಯೆಗೆ 53 ದ್ವಿಮಾನ ಅಂಕೆಗಳ ಸ್ಥಳವನ್ನು ಮಾತ್ರ ಕೊಡುತ್ತದೆ. ಉಳಿದುದನ್ನು ಕತ್ತರಿಸಿ ಸಮೀಪದ ಬೆಲೆಗೆ ಸರಿಮಾಡುತ್ತದೆ. ಎಕ್ಸೆಲ್ ತನ್ನ ಕೋಶದಲ್ಲಿ ಹದಿನೈದಕ್ಕಿಂತ ಹೆಚ್ಚು ಸಾರ್ಥಕ ಅಂಕೆಗಳನ್ನು ತೋರಿಸುವುದಿಲ್ಲವಾದುದರಿಂದ ಈ ಗುಟ್ಟು ಅಲ್ಲಿ ಹೊರಬೀಳುವುದಿಲ್ಲ. ಮೇಲ್ ಮರ್ಜ್ ಕೋಶದ ತೋರಿಕೆಯನ್ನು ಬಿಟ್ಟು ಒಳಗಿರುವ ಬೆಲೆಯನ್ನು ಎತ್ತಿಕೊಂಡು ಬರುತ್ತದೆ. ಆಗ ಅಡಿಗೆಮನೆಯ ಪಾತ್ರೆಗಳೆಲ್ಲ ನಡುಮನೆಗೆ ಬಂದಂತಾಗುತ್ತದೆ. (ಎಲ್ಲ ಸಂಖ್ಯೆಗಳೂ ಹೀಗಲ್ಲ. 177.25 ಎಂಬುದು ದ್ವಿಮಾನದಲ್ಲಿ 10110001.01 ಎಂದು ಚೊಕ್ಕವಾಗಿ ಮುಗಿದುಬಿಡುತ್ತದೆ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟಿರಲಿ.)

ಒಂಬತ್ತುಗಳನ್ನು ಕಂಡು ಎಲ್ಲರೂ ನಕ್ಕರು. ಹೋದ ಸೊನ್ನೆಯನ್ನು ಮಾತ್ರ ಯಾರೂ ಗಮನಿಸಲಿಲ್ಲ. ನಾವು ಕೇಳಿದಾಗ ಶ್ರೀರಂಗಪಟ್ಟಣದ ಹುಡುಗ, "ಸೊನ್ನೆ ತಾನೇ ಸಾರ್, ಹೋದ್ರೆ ಹೋಯ್ತು. ಬೆಲೆ ಏನೂ ಬದಲಾಗಲಿಲ್ವಲ್ಲ" ಎಂದನು. ನಮ್ಮ ಜಗಳವಿರುವುದು ಈ ಮಾತಿನೊಡನೆ.

ಗಣಿತದಲ್ಲಿ 124.8 ಮತ್ತು 124.80 ಒಂದೇ. ಅಳತೆಯಲ್ಲಿ ಒಂದೇ ಅಲ್ಲ. 124.80 ಎಂದು ಬರೆದವನು ಅಡಿಯ ನೂರನೆಯ ಒಂದು ಭಾಗವನ್ನು ನೋಡಿ ಓದಿದ್ದೇನೆಂದು ಹೇಳುತ್ತಾನೆ. 124.8 ಎಂದು ಬರೆದವನು ಹತ್ತನೆಯ ಒಂದು ಭಾಗದವರೆಗೆ ಮಾತ್ರ ಹೊಣೆ ಹೊರುತ್ತಾನೆ. ನಿಜವಾದ ಮಟ್ಟ 124.75ರಿಂದ 124.85ರ ನಡುವೆ ಎಲ್ಲಿಯಾದರೂ ಇರಬಹುದು. ಈ ಹತ್ತನೆಯ ಒಂದು ಅಡಿ ನಮ್ಮ ಅಂಗೈಯ ಅಗಲಕ್ಕಿಂತಲೂ ಕಡಿಮೆ, ಸುಮಾರು ಮೂರು ಸೆಂಟಿಮೀಟರ್. ಆದರೆ ಕನ್ನಂಬಾಡಿ ತುಂಬಿದಾಗ ಅದರ ನೀರು ಸುಮಾರು 130 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಷ್ಟು ವಿಸ್ತಾರದ ಮೇಲೆ ಮೂರು ಸೆಂಟಿಮೀಟರ್ ದಪ್ಪದ ನೀರೆಂದರೆ ಸುಮಾರು 40 ಲಕ್ಷ ಘನ ಮೀಟರ್. ಒಂದು ದಿನವಿಡೀ 1,600 ಕ್ಯೂಸೆಕ್ ನೀರನ್ನು ಬಿಟ್ಟಷ್ಟು. ಕಾಲುವೆಯ ಕೊನೆಯಲ್ಲಿ ಭತ್ತದ ಗದ್ದೆ ಇರುವವನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಟೆಲಿನ ಹಿರಿಯರು "ಎಂಬತ್ತು" ಎಂದು ಹೇಳುವುದು ಅವರಿಗೆ ಅರಿವಿಲ್ಲದೆಯೇ ಸಲ್ಲಿಸುವ ಒಂದು ಮರ್ಯಾದೆ.

ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕ ಹಿಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ನಾವು ಇದನ್ನೇ ಹೇಳುತ್ತೇವೆ. ಉಪಕರಣದ ಕನಿಷ್ಠ ಅಳತೆ 0.01 ಸೆಂಟಿಮೀಟರ್ ಆದಮೇಲೆ ಓದಿದುದನ್ನು 2.40 ಎಂದು ಬರೆಯಬೇಕು, 2.4 ಎಂದಲ್ಲ. ವಿದ್ಯಾರ್ಥಿಗಳು ಪರೀಕ್ಷೆಯ ದಿನ ಹಾಗೆಯೇ ಬರೆದು, ಗಣಕದ ಮುಂದೆ ಕುಳಿತ ಕೂಡಲೇ ಮರೆಯುತ್ತಾರೆ. ಹಾಗೆ ಮರೆಯುವುದು ಪೂರ್ತಿಯಾಗಿ ಅವರ ತಪ್ಪೂ ಅಲ್ಲ. ಸ್ಪ್ರೆಡ್‌ಶೀಟಿನ ಕೋಶದಲ್ಲಿ 124.80 ಎಂದು ಬರೆದರೆ ಯಂತ್ರವು 124.8ನ್ನು ಒಳಗಿಟ್ಟುಕೊಂಡು ಸೊನ್ನೆಯನ್ನು ಹೊರಗೆ ನಿಲ್ಲಿಸುತ್ತದೆ. ಎರಡು ದಶಾಂಶ ಸ್ಥಾನಗಳನ್ನು ತೋರಿಸೆಂದು ಕೋಶಕ್ಕೆ ಆಜ್ಞೆ ಕೊಟ್ಟರೆ ಮಾತ್ರ ಸೊನ್ನೆ ಕಾಣಿಸುತ್ತದೆ. ಇದಕ್ಕೆ ಫಾರ್ಮ್ಯಾಟ್ ಎಂದು ಹೆಸರು; ಅಕ್ಷರದ ಬಣ್ಣ, ದಪ್ಪ, ಗೆರೆ, ಚೌಕಟ್ಟು ಮೊದಲಾದವುಗಳೊಡನೆ ಒಂದೇ ಪಂಕ್ತಿಯಲ್ಲಿ ಅದನ್ನು ಕೂರಿಸಿದ್ದಾರೆ.

ಹೂರಣ ಬೇರೆ, ತೋರಿಕೆ ಬೇರೆ ಎಂಬುದು ಗಣಕತಂತ್ರಜ್ಞರ ಒಂದು ಮುಖ್ಯ ತತ್ತ್ವ. ಅಕ್ಷರದ ಬಣ್ಣದ ಮಟ್ಟಿಗೆ ನಾವು ಇದನ್ನು ತಲೆಬಾಗಿ ಒಪ್ಪುತ್ತೇವೆ. ಸೊನ್ನೆಯ ಮಟ್ಟಿಗೆ ಒಪ್ಪಲಾರೆವು. ಕೋಶದಲ್ಲಿ ಬೆಲೆಗೆ ಸ್ಥಳವಿದೆ; ಆ ಬೆಲೆಯನ್ನು ಎಷ್ಟು ನಿಖರವಾಗಿ ಅಳೆದರೆಂಬುದಕ್ಕೆ ಬೇರೆ ಸ್ಥಳವಿಲ್ಲ. ಆ ಮಾಹಿತಿ ವಾಸವಾಗಿರುವ ಒಂದೇ ಮನೆ ಫಾರ್ಮ್ಯಾಟ್. ಸಂಪರ್ಕವು ಫಾರ್ಮ್ಯಾಟನ್ನು ಉದುರಿಸಿ ಬೆಲೆಯನ್ನು ಮಾತ್ರ ತಂದಾಗ ನಾವು ಕಳೆದುಕೊಳ್ಳುವುದು ಉಡುಗೆಯನ್ನಲ್ಲ, ಅಳತೆಯ ಅರ್ಧ ಭಾಗವನ್ನು.

ಹಾಗಾದರೆ ತೋರಿಕೆಯನ್ನೇ ಇದ್ದಂತೆ ತರುವ ದಾರಿಯಿಲ್ಲವೆ? ಇದೆ. ಕೋಷ್ಟಕವನ್ನು ನಕಲು ಮಾಡಿ, ವರ್ಡ್‌ನಲ್ಲಿ ಪೇಸ್ಟ್ ಸ್ಪೆಷಲ್ ಎಂಬಲ್ಲಿ ಪೇಸ್ಟ್ ಲಿಂಕ್ ಎಂದು ಆರಿಸಿಕೊಂಡರೆ ಸಾಮಾನ್ಯವಾಗಿ ಕೋಶದಲ್ಲಿ ಕಂಡುದೇ ದಸ್ತಾವೇಜಿಗೂ ಬರುತ್ತದೆ. ಪಾಂಡವಪುರದ ಹುಡುಗಿ ಎರಡನೆಯ ವಾರ ಹೀಗೆಯೇ ಮಾಡಿದಳು. ಒಂಬತ್ತುಗಳಿಗೆ ಹೆದರಿದ್ದ ಆಕೆ ಅದಕ್ಕೆ ಮೊದಲು ಹಾಳೆಯ ದಶಾಂಶ ಸ್ಥಾನಗಳನ್ನೆಲ್ಲ ಅಡಗಿಸಿಬಿಟ್ಟಿದ್ದಳು. ಮೂರು ದಿನದ ಮಳೆ 2.4, 2.3, 2.4, ಒಟ್ಟು 7.1. ಪುಟದಲ್ಲಿ ಅಚ್ಚಾದದ್ದು 2, 2, 2, ಒಟ್ಟು 7. ಎರಡು ಮೂರಲೆ ಏಳು! ಒಂದನೆಯ ತರಗತಿಯ ಮಗುವೂ ತಪ್ಪೆನ್ನುವ ಕೋಷ್ಟಕವನ್ನು ಯಂತ್ರವು ಒಂದಿಷ್ಟೂ ತಪ್ಪು ಮಾಡದೆ ಅಚ್ಚುಹಾಕಿತ್ತು.

ಹೀಗೆ ತಪ್ಪು ಎದ್ದು ಕಾಣುವುದು ನಮ್ಮ ಪುಣ್ಯ. ಕಾಣದೆ ಹೋಗುವ ತಪ್ಪನ್ನು ನೋಡಿ. ಕಾವೇರಿ ಜಲವಿವಾದ ನ್ಯಾಯಮಂಡಳಿಯ 2007ರ ತೀರ್ಪಿನಂತೆ ಕರ್ನಾಟಕವು ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 192 ಟಿಎಂಸಿ ನೀರನ್ನು ಬಿಡಬೇಕಾಗಿತ್ತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ 14.75 ಟಿಎಂಸಿಯನ್ನು ಕಡಿಮೆ ಮಾಡಿ 177.25ಕ್ಕೆ ಇಳಿಸಿತು. ಈ ಅಂಕಿಗಳಿರುವ ಹಾಳೆಯಲ್ಲಿ ದಶಾಂಶಗಳನ್ನು ಅಡಗಿಸಿ ದಸ್ತಾವೇಜಿಗೆ ಸಂಪರ್ಕ ಕೊಟ್ಟರೆ ಕಾಣುವುದು 192, 15, 177. ಕಳೆದು ನೋಡಿ: ಲೆಕ್ಕ ಚೊಕ್ಕವಾಗಿ ಕೂಡಿಬರುತ್ತದೆ! ಯಾರಿಗೂ ಸಂಶಯ ಹುಟ್ಟದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಕಾಲು ಟಿಎಂಸಿ, ಅಂದರೆ 25 ಕೋಟಿ ಘನ ಅಡಿ ನೀರು ಸದ್ದಿಲ್ಲದೆ ಹಾಳೆಯಿಂದ ಇಂಗಿಹೋಗಿರುತ್ತದೆ. ದ್ವಿಮಾನದಲ್ಲಿ ಒಂದಿಷ್ಟೂ ಸೋರದ 177.25 ನಮ್ಮ ಕೈಯಲ್ಲೇ ಸೋರಿತು.

ಪರಿಹಾರ ಕಷ್ಟದ್ದಲ್ಲ. ಮೇಲ್ ಮರ್ಜ್ ಪುಟದಲ್ಲಿ ಆಲ್ಟ್ ಮತ್ತು ಎಫ್ 9 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪ್ರತಿ ಅಂಕಿಯ ಹಿಂದಿರುವ ಸಂಕೇತ ಕಾಣುತ್ತದೆ. ಆ ಸಂಕೇತದ ಕೊನೆಯ ಆವರಣಕ್ಕೆ ಮುಂಚೆ \# "0.00" ಎಂದು ಸೇರಿಸಿದರೆ ಎರಡು ದಶಾಂಶ ಸ್ಥಾನಗಳೂ, \# "0.0" ಎಂದರೆ ಒಂದು ಸ್ಥಾನವೂ ನಿಲ್ಲುತ್ತವೆ, ಒಂಬತ್ತುಗಳೂ ಅಡಗುತ್ತವೆ. ಇನ್ನೊಂದು ದಾರಿ, ಹಾಳೆಯಲ್ಲೇ ಟೆಕ್ಸ್ಟ್ ಎಂಬ ಸೂತ್ರದಿಂದ ಪಕ್ಕದಲ್ಲೊಂದು ಕಂಬಸಾಲನ್ನು ಮಾಡಿ, ಅಲ್ಲಿ 12.0, 124.80 ಎಂಬ ರೂಪವನ್ನೇ ಅಕ್ಷರಗಳಾಗಿ ಇಟ್ಟು, ದಸ್ತಾವೇಜಿಗೆ ಆ ಸಾಲನ್ನು ಜೋಡಿಸುವುದು. ಅಕ್ಷರವಾದುದನ್ನು ಮೊತ್ತದ ಸೂತ್ರ ಕೂಡುವುದಿಲ್ಲವಾದ್ದರಿಂದ ಮೂಲ ಸಾಲನ್ನೂ ಉಳಿಸಿಕೊಳ್ಳಬೇಕು; ಹಾಳೆ ಕೊಂಚ ಅಗಲವಾಗುತ್ತದೆ. ನಮ್ಮ ಮತ ಎರಡನೆಯದರ ಕಡೆಗೆ. ಎಷ್ಟು ಸ್ಥಾನಗಳವರೆಗೆ ಅಳೆದೆನೆಂದು ಹೇಳುವ ಅಧಿಕಾರ ಮಾಪಕದ ಮುಂದೆ ಬಗ್ಗಿ ನಿಂತು ಓದಿದವನದು. ಪುಟವನ್ನು ಅಂದವಾಗಿ ಜೋಡಿಸುವವನದಲ್ಲ. ಈ ಮಾತನ್ನು ಕೇಳಿದ ನಮ್ಮ ಸಹೋದ್ಯೋಗಿ ಮಿತ್ರರೊಬ್ಬರು, "ಒಂದು ಸೊನ್ನೆಗೆ ಒಂದು ಕಂಬಸಾಲೇ?" ಎಂದು ಹಾಸ್ಯ ಮಾಡಿದರು. ಮಾಡಲಿ.

ಆದರೆ ಫಾರ್ಮ್ಯಾಟ್ ಉಳಿದ ಮಾತ್ರಕ್ಕೆ ಸತ್ಯ ಉಳಿಯಿತೆಂದು ನಾವು ಹೇಳಹೊರಟಿಲ್ಲ. ನಾಗಮಂಗಲದ ಹುಡುಗನಿಗೆ ಆಗಸ್ಟಿನಲ್ಲಿ ಐದು ದಿನ ಜ್ವರ. ಮಾಪಕವನ್ನು ಓದಿದವರಿಲ್ಲ, ಅವನು ಪ್ರಾಮಾಣಿಕವಾಗಿ ಆ ಕೋಶಗಳನ್ನು ಖಾಲಿ ಬಿಟ್ಟಿದ್ದನು. ಖಾಲಿ ಕೋಶಕ್ಕೆ ಸೂತ್ರದಿಂದ ಸಂಪರ್ಕ ಕೊಟ್ಟರೆ ಎಕ್ಸೆಲ್ ಅದನ್ನು ಸೊನ್ನೆಯೆಂದು ಓದುತ್ತದೆ. ಒಟ್ಟು ಹಾಳೆಯಲ್ಲಿ ಆ ಐದು ದಿನಗಳೂ 0 ಆದವು. ನಾವು ಅಷ್ಟು ಶ್ರಮಪಟ್ಟು ಕಲಿಸಿದ ಫಾರ್ಮ್ಯಾಟ್ ಅವುಗಳನ್ನು 0.0 ಎಂದು ಇನ್ನಷ್ಟು ಗಂಭೀರವಾಗಿ ತೋರಿಸಿತು: ಹತ್ತನೆಯ ಒಂದು ಮಿಲಿಮೀಟರಿನವರೆಗೆ ನೋಡಿದ್ದೇವೆ, ಒಂದು ಹನಿಯೂ ಬೀಳಲಿಲ್ಲ ಎಂದು! ಭಾರತದ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವೇ ಮಳೆಯ ದಿನ. ನಮ್ಮ ಪುಟದಲ್ಲಿ ನಾಗಮಂಗಲಕ್ಕೆ ಐದು ಒಣದಿನಗಳು ಪುಕ್ಕಟೆಯಾಗಿ ಸೇರಿದವು. ಮೊದಲೇ ಮಳೆಯ ಬಡತನವುಳ್ಳ ತಾಲ್ಲೂಕಾದುದರಿಂದ ಅದನ್ನು ನಂಬುವುದೂ ಸುಲಭವಾಗಿತ್ತು. ನಾವೂ ನಂಬಿದೆವು. ಜ್ವರ ಬಿಟ್ಟು ಬಂದ ಹುಡುಗನೇ ಪುಟವನ್ನು ನೋಡಿ, "ಸಾರ್, ಆ ವಾರ ಮನೆ ಸೂರು ಸೋರ್ತಿತ್ತು" ಎಂದು ಹೇಳಿದನು.

ಅಂದೇ ಸಂಜೆ ನಾಲ್ವರೂ ಕುಳಿತು ಸೂತ್ರವನ್ನು ತಿದ್ದಿದರು. ಮೂಲ ಕೋಶ ಖಾಲಿಯಿದ್ದರೆ ಒಟ್ಟು ಹಾಳೆಯಲ್ಲಿ ಸೊನ್ನೆಗೆ ಬದಲು ಅಡ್ಡಗೆರೆ ಬೀಳಬೇಕು. ಅಡ್ಡಗೆರೆ ಬಿದ್ದ ದಿನವನ್ನು ಒಣದಿನವೆಂದೂ ಎಣಿಸಬಾರದು, ಮಳೆಯ ದಿನವೆಂದೂ ಎಣಿಸಬಾರದು. ತಿದ್ದಿದ ಪುಟವನ್ನು ಹಳೆಯ ಪುಟದ ಜೊತೆಗೆ ನಾಲ್ಕು ಶಾಲೆಗಳಿಗೂ ಕಳುಹಿಸಿದೆವು. ನಾಗಮಂಗಲದ ಕಡೆಯ ಮುಖ್ಯೋಪಾಧ್ಯಾಯರು ಎರಡನ್ನೂ ಶಾಲೆಯ ಸೂಚನಾ ಫಲಕದ ಮೇಲೆ ಪಕ್ಕಪಕ್ಕದಲ್ಲಿ ಅಂಟಿಸಿ, ಐದು ಅಡ್ಡಗೆರೆಗಳ ಸುತ್ತ ಕೆಂಪು ಶಾಯಿಯಿಂದ ಗುರುತು ಹಾಕಿದ್ದಾರಂತೆ.