ಮುಚ್ಚಿದ ಪ್ಲಗಿನ್ ಬಗ್ಗೆ ನಮಗೂ ಒಂದು ಮಾತು ತಿಳಿಸಿ

ವರ್ಡ್‌ಪ್ರೆಸ್ ಪ್ಲಗಿನ್ ಭಂಡಾರ ನಡೆಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಭಂಡಾರದಿಂದ ಒಂದು ಪ್ಲಗಿನ್ ತೆಗೆದುಹಾಕಿದಿರಿ ಎನ್ನಿ. ಅದನ್ನು ಮೊದಲೇ ಹಾಕಿಕೊಂಡು ಕೂತವರಿಗೆ ಆ ಸುದ್ದಿ ತಲುಪುವುದಿಲ್ಲ. ಇ-ಮೇಲ್ ಬರುವುದಿಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಚುಕ್ಕಿ ಮೂಡುವುದಿಲ್ಲ. ಪ್ಲಗಿನ್ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ನನ್ನ ದೂರು ಇದೊಂದೇ. ಹೊಸದೂ ಅಲ್ಲ, ವರ್ಷಗಳಿಂದ ಹಲವರು ನಿಮ್ಮ ಮುಂದಿಟ್ಟದ್ದೇ. ಕನ್ನಡದಲ್ಲೂ ಒಮ್ಮೆ ದಾಖಲಾಗಲಿ ಎಂದು ಬರೆಯುತ್ತಿದ್ದೇನೆ.

ಪತ್ರ ಬಹಿರಂಗವಾದ್ದರಿಂದ ಓದುಗರಿಗಾಗಿ ಹಿನ್ನೆಲೆ ಸ್ವಲ್ಪ. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ 2003ರ ಮೇ ತಿಂಗಳಲ್ಲಿ ಹೊರತಂದ ವರ್ಡ್‌ಪ್ರೆಸ್, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ತಿದ್ದಬಹುದಾದ ಮುಕ್ತ ತಂತ್ರಾಂಶ. ಇವತ್ತು ಜಗತ್ತಿನ ಹತ್ತು ಜಾಲತಾಣಗಳಲ್ಲಿ ನಾಲ್ಕು ಅದರ ಮೇಲೆಯೇ ನಿಂತಿವೆ. ನಮ್ಮ ಕಡೆ ಸಹಕಾರ ಸಂಘ, ಪಿಯು ಕಾಲೇಜು, ಮಠದ ಶಾಲೆ, ಯಕ್ಷಗಾನ ಮೇಳ, ಜಿಲ್ಲೆಯ ವಾರಪತ್ರಿಕೆ, ಹೊರದೇಶದ ಕನ್ನಡ ಸಂಘ ಯಾವುದನ್ನೇ ಕೇಳಿ, ತಾಣ ಇದ್ದರೆ ಬಹುಪಾಲು ವರ್ಡ್‌ಪ್ರೆಸ್ಸೇ ಇರುತ್ತದೆ. ಯಾರೋ ಪರಿಚಯದ ಹುಡುಗ ಒಂದು ರಜೆಯಲ್ಲಿ ಕಟ್ಟಿಕೊಟ್ಟಿರುತ್ತಾನೆ. ಚಿತ್ರ ತೋರಿಸಲು ಒಂದು ಪ್ಲಗಿನ್ (ತಾಣಕ್ಕೆ ಹೊಸ ಸೌಲಭ್ಯ ಜೋಡಿಸುವ ಪುಟ್ಟ ತಂತ್ರಾಂಶ), ಅರ್ಜಿ ನಮೂನೆಗೆ ಇನ್ನೊಂದು, ದೇಣಿಗೆಗೆ ಮತ್ತೊಂದು ಸೇರಿಸಿರುತ್ತಾನೆ. ಆಮೇಲೆ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತದೆ. ತಾಣದ ಪಾಸ್‌ವರ್ಡ್ ಸಂಘದ ಗುಮಾಸ್ತರಿಗೋ ನಿವೃತ್ತ ಮೇಷ್ಟ್ರಿಗೋ ದಾಟುತ್ತದೆ. ಅವರಿಗೆ ಒಂದೇ ಪಾಠ ಹೇಳಿಕೊಟ್ಟಿರುತ್ತಾರೆ: ಅಪ್‌ಡೇಟ್ ಬಂತು ಅಂದರೆ ಒತ್ತಿ. ಅವರು ನಿಷ್ಠೆಯಿಂದ ಒತ್ತುತ್ತಾರೆ. ಅಪ್‌ಡೇಟ್ ಬಾರದಿದ್ದರೆ ಎಲ್ಲ ಕ್ಷೇಮ ಎಂದುಕೊಳ್ಳುತ್ತಾರೆ.

ಆ ಎಣಿಕೆಯನ್ನು ತಪ್ಪೆನ್ನುವುದು ಹೇಗೆ? ಎರಡು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಮೌನದಲ್ಲಿ ಮುಚ್ಚಿಟ್ಟಿರುವವರು ನೀವು. ಪ್ರತಿಯೊಂದು ವರ್ಡ್‌ಪ್ರೆಸ್ ತಾಣವೂ ದಿನಕ್ಕೆ ಎರಡು ಸಲ ನಿಮ್ಮ ಸರ್ವರ್‌ಗೆ ತನ್ನಲ್ಲಿರುವ ಪ್ಲಗಿನ್‌ಗಳ ಪಟ್ಟಿಯನ್ನು ಆವೃತ್ತಿ ಸಂಖ್ಯೆ ಸಮೇತ ಕಳಿಸಿ, ಹೊಸದೇನಾದರೂ ಇದೆಯೇ ಎಂದು ವಿಚಾರಿಸುತ್ತದೆ. ಪ್ಲಗಿನ್ ಆರೋಗ್ಯವಾಗಿದ್ದು ಹೊಸ ಆವೃತ್ತಿ ಇಲ್ಲದಿದ್ದರೆ ತೆರೆಯ ಮೇಲೆ ಏನೂ ಕಾಣುವುದಿಲ್ಲ. ಭದ್ರತೆಯ ದೋಷಕ್ಕಾಗಿ ನೀವೇ ಅದನ್ನು ಭಂಡಾರದಿಂದ ಕಿತ್ತುಹಾಕಿದ್ದರೂ ಏನೂ ಕಾಣುವುದಿಲ್ಲ. ಪ್ರಶ್ನೆ ನಿಮ್ಮ ಬಾಗಿಲಿಗೆ ಬರುತ್ತಿದೆ, ಉತ್ತರ ನಿಮ್ಮ ಬಳಿ ಇದೆ, ಕೊಡುತ್ತಿಲ್ಲ ಅಷ್ಟೆ.

ಒಂದು ಸುಳಿವು ಇರುವುದು ನಿಜ. ಪ್ಲಗಿನ್‌ಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೆ ‘ವಿವರ ನೋಡಿ’ ಎಂಬ ಕೊಂಡಿ ಇರುತ್ತದಲ್ಲ, ಮುಚ್ಚಿದ ಪ್ಲಗಿನ್‌ನ ಅಡಿಯಲ್ಲಿ ಅದು ಮಾಯವಾಗುತ್ತದೆ. ಸ್ವಯಂ ಅಪ್‌ಡೇಟ್‌ನ ಅಂಕಣವೂ ಖಾಲಿಯಾಗುತ್ತದೆ. ಇಲ್ಲದ ಕೊಂಡಿಯನ್ನು ಗಮನಿಸಿ ಅಪಾಯ ಅರಿಯಬೇಕು! ನಾನು ನೋಡಿಕೊಳ್ಳುವ ಒಂದು ಗ್ರಂಥಾಲಯದ ತಾಣದಲ್ಲಿ ಚಿತ್ರಸಂಪುಟದ ಪ್ಲಗಿನ್ ಮುಚ್ಚಿ ವರ್ಷ ಕಳೆದದ್ದು ಗೊತ್ತಾದದ್ದು ಹೀಗೇ, ಬೇರೇನನ್ನೋ ಹುಡುಕುತ್ತಿದ್ದಾಗ. ಅಲ್ಲಿನ ಗ್ರಂಥಪಾಲಕರಿಗೆ ಅದನ್ನು ವಿವರಿಸಿದರೆ, “ಮತ್ತೆ ಅವರು ಯಾಕೆ ಹೇಳಲಿಲ್ಲ ಸಾರ್?” ಎಂದರು. ಈ ಪತ್ರ ಆ ಪ್ರಶ್ನೆಯನ್ನೇ ನಿಮಗೆ ದಾಟಿಸುತ್ತಿದೆ.

ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಡಿಸ್‌ಪ್ಲೇ ವಿಜೆಟ್ಸ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸುಮಾರು 2 ಲಕ್ಷ ತಾಣಗಳಲ್ಲಿದ್ದ ಪ್ಲಗಿನ್ ಅದು. ಮೂಲ ಕರ್ತೃಗಳು ಅದನ್ನು ಇನ್ನೊಬ್ಬರಿಗೆ ಮಾರಿದರು. ಮಾರಾಟದಲ್ಲಿ ಅಕ್ರಮವೇನಿಲ್ಲ. ಆದರೆ ಕೊಂಡವರು ಕೊಂಡದ್ದು ಕೋಡನ್ನಲ್ಲ, ಆ 2 ಲಕ್ಷ ತಾಣಗಳ ಒಳಕ್ಕೆ ಹೋಗುವ ದಾರಿಯನ್ನು. ಹೊಸ ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿತು. ಅದರ ಮೂಲಕ ತಾಣಗಳಲ್ಲಿ ಜಾಹೀರಾತು ಪುಟಗಳು ಹುಟ್ಟಿಕೊಂಡವು. ಅವು ಹೊರಗಿನ ಓದುಗರಿಗೆ ಕಾಣುತ್ತಿದ್ದವು, ಲಾಗಿನ್ ಆಗಿರುವ ಯಜಮಾನನಿಗೆ ಕಾಣುತ್ತಿರಲಿಲ್ಲ. ನೀವು ಪ್ಲಗಿನ್ ತೆಗೆದಿರಿ, ಅವರು ತಿದ್ದಿದೆವೆಂದು ಮರಳಿ ಬಂದರು, ಮತ್ತೆ ತೆಗೆದಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಸಲ ಹೀಗಾಯಿತು. ಆ ತಿಂಗಳುಗಳಲ್ಲಿ ತಾಣದ ಒಡೆಯರು ಕಂಡದ್ದು ಮಾತ್ರ ಎಂದಿನ ಅಪ್‌ಡೇಟ್ ಗುಂಡಿಯನ್ನೇ. ಜಾಗ್ರತೆಯಿಂದ ಒತ್ತಿದವರೇ ಮೊದಲು ಸಿಕ್ಕಿಬಿದ್ದರು. ಹೊಸ ಪ್ಲಗಿನ್ ಸೇರುವಾಗ ನಿಮ್ಮವರು ಕಣ್ಣಾಡಿಸುತ್ತಾರೆ, ಸೇರಿದ ಮೇಲೆ ಬರುವ ಪ್ರತಿ ಆವೃತ್ತಿಯನ್ನು ಹಾಗೆ ಕೂತು ನೋಡುವವರಿಲ್ಲ. ಸುಮಾರು 60 ಸಾವಿರ ಪ್ಲಗಿನ್‌ಗಳ ಭಂಡಾರದಲ್ಲಿ ಅದು ಆಗದ ಕೆಲಸ, ಒಪ್ಪುತ್ತೇನೆ. ಹಾಗಿದ್ದ ಮೇಲೆ ದೋಷ ಸಿಕ್ಕ ದಿನವಾದರೂ ಕೂಗಿ ಹೇಳಬೇಡವೇ?

ನಿಮ್ಮ ಪರವಾದ ವಾದವನ್ನೂ ಬಲ್ಲೆ. ದೋಷ ಇದೆಯೆಂದು ಸಾರಿದರೆ, ತಿದ್ದುಪಡಿ ಬರುವ ಮೊದಲೇ ಕಳ್ಳರಿಗೆ ದಾರಿ ತೋರಿಸಿದಂತೆ ಎನ್ನುತ್ತೀರಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಭಂಡಾರದಲ್ಲಿ ಆ ಪ್ಲಗಿನ್‌ನ ಪುಟಕ್ಕೆ ಹೋದರೆ, ಇಂಥ ದಿನಾಂಕದಿಂದ ಇದನ್ನು ಮುಚ್ಚಲಾಗಿದೆ ಎಂದು ನೀವೇ ದೊಡ್ಡದಾಗಿ ಬರೆದಿರುತ್ತೀರಿ. ಕಾರಣವನ್ನು 60 ದಿನ ತಡೆಹಿಡಿದರೂ ಮುಚ್ಚಿದ ಸಂಗತಿ ಮೊದಲ ದಿನದಿಂದಲೇ ಜಗಜ್ಜಾಹೀರು. ದಾಳಿ ಮಾಡುವವರು ಆ ಪುಟಗಳ ಮೇಲೆ ಯಂತ್ರ ಇಟ್ಟು ಕಾಯುತ್ತಾರೆ. ಕೋಡ್ ಮುಕ್ತವಾದ್ದರಿಂದ ದೋಷ ಎಲ್ಲಿದೆಯೆಂದು ಹುಡುಕಿಕೊಳ್ಳಲೂ ಬಲ್ಲರು. ಗೊತ್ತಿಲ್ಲದೆ ಉಳಿಯುವವರು ಗುಮಾಸ್ತರು, ಮೇಷ್ಟ್ರು. ಕೆಟ್ಟ ಮಾತ್ರೆಯನ್ನು ಅಂಗಡಿಯ ಕಪಾಟಿನಿಂದ ತೆಗೆದು, ಅದನ್ನು ಕೊಂಡು ಮನೆಯಲ್ಲಿ ದಿನಾ ನುಂಗುತ್ತಿರುವವರಿಗೆ ಹೇಳದೆ ಇದ್ದ ಹಾಗಾಯಿತು ಇದು.

ಕರ್ತೃವೇ ಬೇಡವೆಂದು ಹಿಂತೆಗೆದುಕೊಂಡ ಪ್ಲಗಿನ್‌ಗಳೂ ಇರುತ್ತವೆ, ಎಲ್ಲಕ್ಕೂ ಎಚ್ಚರಿಕೆ ಕೊಟ್ಟರೆ ಜನ ಗಾಬರಿಯಾಗುತ್ತಾರೆ ಎಂಬ ಮಾತೂ ಉಂಟು. ಗಾಬರಿಯಾಗಲಿ ಬಿಡಿ. ನೋಡಿಕೊಳ್ಳುವವರು ಯಾರೂ ಇಲ್ಲದ ಕೋಡ್ ತಾಣದೊಳಗೆ ಕೂತಿದೆ ಎಂಬುದು ಗಾಬರಿಗೆ ತಕ್ಕ ವಿಷಯವೇ.

ಇದು ತಾಂತ್ರಿಕವಾಗಿ ಆಗದ ಕೆಲಸ ಎಂದು ಮಾತ್ರ ಹೇಳಬೇಡಿ. 2013ರಲ್ಲಿ ಬಂದ ವರ್ಡ್‌ಪ್ರೆಸ್‌ನ 3.7ನೇ ಆವೃತ್ತಿಯಿಂದ ಸಣ್ಣ ಭದ್ರತಾ ತಿದ್ದುಪಡಿಗಳು ಯಾರನ್ನೂ ಕೇಳದೆ ತಾವಾಗಿ ಇಳಿಯುತ್ತಿವೆ. 2017ರ ಡಿಸೆಂಬರ್‌ನಲ್ಲಿ ಕ್ಯಾಪ್ಚಾ ಎಂಬ ಪ್ಲಗಿನ್‌ನಲ್ಲಿ ಹಿಂಬಾಗಿಲು ಸಿಕ್ಕಾಗ ಶುದ್ಧ ಆವೃತ್ತಿಯನ್ನು ನೀವೇ ಒತ್ತಾಯದಿಂದ ತಾಣಗಳಿಗೆ ತಳ್ಳಿದಿರಿ. 2024ರ ನವೆಂಬರ್‌ನಲ್ಲಿ ರಿಯಲಿ ಸಿಂಪಲ್ ಸೆಕ್ಯೂರಿಟಿಯಲ್ಲಿ, ಹೆಸರಲ್ಲೇ ಭದ್ರತೆ ಇಟ್ಟುಕೊಂಡ ಆ ಪ್ಲಗಿನ್‌ನಲ್ಲಿ, ಪಾಸ್‌ವರ್ಡ್ ಇಲ್ಲದೆ ಒಳನುಗ್ಗುವ ದೋಷ ಕಂಡಿತು. 40 ಲಕ್ಷ ತಾಣಗಳಲ್ಲಿದ್ದ ಅದಕ್ಕೂ ಹಾಗೆಯೇ ಮಾಡಿದಿರಿ. ಎರಡೂ ಸಲ ಒಳ್ಳೆಯ ಕೆಲಸ ಮಾಡಿದಿರಿ, ನಮಸ್ಕಾರ.

2024ರ ಅಕ್ಟೋಬರ್ 12ರದ್ದನ್ನು ಅದೇ ಸಾಲಿಗೆ ಸೇರಿಸಲು ನನ್ನಿಂದಾಗದು. ವರ್ಡ್‌ಪ್ರೆಸ್ ತಾಣಗಳಿಗೆ ಸರ್ವರ್ ಜಾಗ ಒದಗಿಸುವ ಡಬ್ಲ್ಯುಪಿ ಎಂಜಿನ್ ಕಂಪನಿಯೊಂದಿಗೆ ನಿಮ್ಮ ಕಡೆಯವರ ಜಗಳ ಕಾವೇರಿದಾಗ, ಆ ಕಂಪನಿ ನಡೆಸುತ್ತಿದ್ದ ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್‌ನ ಜಾಗವನ್ನೇ ವಶಕ್ಕೆ ತೆಗೆದುಕೊಂಡು, ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಎಂಬ ಹೊಸ ಹೆಸರಿನ ಕೋಡನ್ನು ಅಲ್ಲಿ ಕೂರಿಸಿದಿರಿ. ಭಂಡಾರದ ನಿಯಮಾವಳಿಯ 18ನೇ ಅಂಶ ಅದಕ್ಕೆ ಅಧಿಕಾರ ಕೊಡುತ್ತದೆ ಎಂದಿರಿ. 20 ಲಕ್ಷಕ್ಕೂ ಹೆಚ್ಚು ತಾಣಗಳು ಬಳಸುತ್ತಿದ್ದ ಪ್ಲಗಿನ್ ಅದು. ಸ್ವಯಂ ಅಪ್‌ಡೇಟ್ ಇಟ್ಟುಕೊಂಡಿದ್ದವರ ತಾಣದಲ್ಲಿ ಒಬ್ಬರ ಕೋಡ್ ಹೋಗಿ ಇನ್ನೊಬ್ಬರದು ಬಂದು ಕೂತಿತು. ಡಿಸೆಂಬರ್ 10ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟ ಮೇಲೆ ಪ್ಲಗಿನ್ ಮೂಲದವರಿಗೆ ಮರಳಿತು. ಆ ಜಗಳದಲ್ಲಿ ಯಾರು ಸರಿ ಎಂಬುದು ನ್ಯಾಯಾಲಯದ ವಿಷಯ. ನನಗೆ ಕಂಡದ್ದು ಇಷ್ಟು: ಲಕ್ಷಾಂತರ ತಾಣಗಳ ಒಳಗಿನ ಕೋಡನ್ನೇ ಬದಲಿಸಬಲ್ಲ ಕೈ, ಅದೇ ತಾಣಗಳ ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಸಾಲು ಬರೆಯಲಾರೆ ಎಂದರೆ ನಂಬುವುದು ಕಷ್ಟ.

ಹೀಗೆ ಬರೆಯುವಾಗ ನಿಮ್ಮಲ್ಲಿ ಹಲವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಎಂಬುದನ್ನು ಮರೆತಿಲ್ಲ. 2023ರಲ್ಲಿ ಪರಿಶೀಲನೆಗೆ ಕಾದ ಪ್ಲಗಿನ್‌ಗಳ ಸಾಲು ಸಾವಿರ ದಾಟಿತ್ತು, ಬೆರಳೆಣಿಕೆಯ ಜನ ಅದನ್ನು ಕರಗಿಸಿದಿರಿ. ಆದರೆ ನಾನು ಕೇಳುತ್ತಿರುವುದು ಇನ್ನಷ್ಟು ಪರಿಶೀಲನೆಯನ್ನಲ್ಲ. ಒಂದು ಪ್ಲಗಿನ್ ಮುಚ್ಚುವ ತೀರ್ಮಾನ ಆದಾಗ ಅದರ ದಿನಾಂಕ, ‘ಭದ್ರತೆ’ಯೋ ‘ಕರ್ತೃವಿನ ಕೋರಿಕೆ’ಯೋ ಎಂಬ ಒಂದು ಪದ, ಇವೆರಡನ್ನು ದಿನಕ್ಕೆರಡು ಸಲ ನೀವು ಕಳಿಸುವ ಉತ್ತರದಲ್ಲಿ ಸೇರಿಸಿ. ಪ್ಲಗಿನ್ ಪಟ್ಟಿಯಲ್ಲಿ ಆ ಹೆಸರಿನ ಕೆಳಗೆ ಹಳದಿ ಪಟ್ಟಿಯಲ್ಲಿ ಅದನ್ನು ತೋರಿಸಿ. ಒಡೆತನ ಕೈಬದಲಾದಾಗಲೂ ಹೀಗೇ ತಿಳಿಸಿದರೆ ಡಿಸ್‌ಪ್ಲೇ ವಿಜೆಟ್ಸ್‌ನಂಥ ವ್ಯಾಪಾರಕ್ಕೆ ಅರ್ಧ ಬೆಲೆಯೂ ಬಾರದು. ಸಾಲನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಸಾಕು, ಕನ್ನಡಕ್ಕೆ ತರಲು ಇಲ್ಲಿ ಜನ ಇದ್ದಾರೆ.

ಅಲ್ಲಿಯವರೆಗೆ, ಈ ಪತ್ರ ಓದುತ್ತಿರುವ ಸಂಘ ಸಂಸ್ಥೆಗಳವರೇ, ಒಂದು ಕೆಲಸ ಮಾಡಿ. ನಿಮ್ಮ ತಾಣದ ಡ್ಯಾಶ್‌ಬೋರ್ಡ್ ತೆರೆದು ಪ್ಲಗಿನ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ. ‘ವಿವರ ನೋಡಿ’ ಎಂಬ ಕೊಂಡಿ ಯಾವ ಹೆಸರಿನ ಕೆಳಗೆ ಇಲ್ಲವೋ ಅದನ್ನು ಗುರುತು ಹಾಕಿಕೊಳ್ಳಿ. ಹಣ ಕೊಟ್ಟು ಬೇರೆಡೆಯಿಂದ ತಂದ ಪ್ಲಗಿನ್‌ಗೂ ಆ ಕೊಂಡಿ ಇಲ್ಲದಿರಬಹುದು, ಆದ್ದರಿಂದ ಆ ಹೆಸರನ್ನು ಭಂಡಾರದಲ್ಲಿ ಹುಡುಕಿ ನೋಡಿ. ಮುಚ್ಚಲಾಗಿದೆ ಎಂದು ಬರೆದಿದ್ದರೆ ನಿಷ್ಕ್ರಿಯಗೊಳಿಸಿ ಸುಮ್ಮನಾಗಬೇಡಿ. ನಿಷ್ಕ್ರಿಯವಾದ ಪ್ಲಗಿನ್‌ನ ಕಡತಗಳು ಸರ್ವರ್‌ನಲ್ಲಿ ಹಾಗೆಯೇ ಉಳಿದಿರುತ್ತವೆ. ತಾಣದ ಒಂದು ಪ್ರತಿ ತೆಗೆದಿಟ್ಟುಕೊಂಡು, ಆ ಪ್ಲಗಿನ್ನನ್ನು ಅಳಿಸಿಹಾಕಿ.

ಇಂತಿ,
ಕೆಲವು ಸಣ್ಣ ತಾಣಗಳನ್ನು ನೋಡಿಕೊಳ್ಳುವ ಒಬ್ಬ ಬಳಕೆದಾರ